ಕಾಜಾಕ್ಕ ಇಳಿಸಿದ ಬುಟ್ಟಿ

ಕಾಜಾಕ್ಕನಿಗೆ ಆ ಹೆಸರು ಬಂದದ್ದು ಟೈಲರ್ ಅಂಗಡಿಯಲ್ಲಿ. ಅಂಗಿಗೋ ಕೋಟಿಗೋ ಗುಂಡಿ ತೂರಿಸಲು ಒಂದು ಸೀಳು ಇರುತ್ತದಲ್ಲ, ಆ ಸೀಳಿನ ಅಂಚು ಬಿಟ್ಟುಕೊಳ್ಳದ ಹಾಗೆ ಸುತ್ತಲೂ ಒತ್ತೊತ್ತಾಗಿ ದಾರ ಹಾಕುವುದಕ್ಕೆ ಕಾಜಾ ಎನ್ನುತ್ತಾರೆ. ಆ ಕೆಲಸದಲ್ಲಿ ಅವಳದು ಎತ್ತಿದ ಕೈ. ಪಕ್ಕದ ಸ್ಟೂಲಿನಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದವಳು ಗುಂಡಕ್ಕ. ಗುಂಡಿ ಹೊಲಿಯುತ್ತಾಳೆಂದು ಆ ಹೆಸರಿಟ್ಟರೋ, ಆಳು ಗುಂಡಗಿದ್ದಾಳೆಂದು ಇಟ್ಟರೋ, ಹೆಸರಿಟ್ಟ ಟೈಲರಿಗೇ ಈಗ ನೆನಪಿಲ್ಲ.

ಇಬ್ಬರ ಕೆಲಸವೂ ಒಂದಕ್ಕೊಂದು ಅಂಟಿಕೊಂಡದ್ದು. ಕಾಜಾ ಮುಗಿದ ಕೋಟು ಗುಂಡಕ್ಕನ ಮಡಿಲಿಗೆ ಹೋಗುತ್ತಿತ್ತು. ಅವಳು ಎರಡೂ ಅಂಚುಗಳನ್ನು ಒಂದರ ಮೇಲೊಂದು ಜೋಡಿಸಿ, ಕಾಜಾದ ತೂತಿನಲ್ಲಿ ಸೀಮೆಸುಣ್ಣದ ಮೊನೆ ತೂರಿಸಿ, ಕೆಳಗೆ ಬಿದ್ದ ಚುಕ್ಕೆಯ ಮೇಲೆ ಗುಂಡಿ ಕೂರಿಸುತ್ತಿದ್ದಳು. ಟೈಲರು ಮಹಾ ಜಿಪುಣ, ಇಬ್ಬರಿಗೂ ಸೇರಿ ಒಂದೇ ಒಂದು ಪುಟ್ಟ ಕತ್ತರಿ ಕೊಟ್ಟಿದ್ದ. ಅದಕ್ಕೊಂದು ಲಾಡಿ ಕಟ್ಟಿ ಎರಡು ಸ್ಟೂಲುಗಳ ನಡುವಿನ ಮೊಳೆಗೆ ನೇತುಬಿಟ್ಟಿದ್ದರು. ಹೊಸದರಲ್ಲಿ ಅದಕ್ಕಾಗಿ ಕಿತ್ತಾಟ ನಡೆಯುತ್ತಿತ್ತು. ಆಮೇಲೆ ಒಂದು ದಾರಿ ತಾನಾಗಿ ಹುಟ್ಟಿಕೊಂಡಿತು: ಕಾಜಾಕ್ಕ ಕೊನೆಯ ದಾರವನ್ನು ಕತ್ತರಿಸದೆ ಬಾಲದಂತೆ ಬಿಟ್ಟು ಕೋಟನ್ನು ದಾಟಿಸುವುದು, ಗುಂಡಿ ಹೊಲಿದಾದ ಮೇಲೆ ಗುಂಡಕ್ಕ ತನ್ನ ದಾರವನ್ನೂ ಅವಳ ದಾರವನ್ನೂ ಒಟ್ಟಿಗೆ ಕತ್ತರಿಸುವುದು. ಆ ‘ಕಚಕ್’ ಕೇಳಿದರೆ ಒಂದು ಕೋಟು ಮುಗಿಯಿತೆಂದು ಅರ್ಥ.

ಅವರಿಬ್ಬರ ಸ್ನೇಹ ಎಂಥದ್ದೆಂದರೆ, ಬೆಳಗಿನಿಂದ ಸಂಜೆಯವರೆಗೆ ಮಾತು ಅಷ್ಟಕ್ಕಷ್ಟೇ. ಹೊಸ ಗಿರಾಕಿಗಳು ಇವರಿಗೆ ಜಗಳವಾಗಿದೆಯೇನೋ ಅಂದುಕೊಳ್ಳುತ್ತಿದ್ದರು. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ತಲೆ ಬಗ್ಗಿಸಿ ಕೂತರೆ ಮುಗಿಯಿತು. ಒಬ್ಬಳು ನಿಟ್ಟುಸಿರು ಬಿಟ್ಟರೆ ಇನ್ನೊಬ್ಬಳು ಟೀ ತರಿಸುತ್ತಿದ್ದಳು. ಮಾತಾಡದೆ ಜೊತೆಗಿರಲು ಬರುವ ಮನುಷ್ಯರು ಜೀವಮಾನದಲ್ಲಿ ಒಬ್ಬರೋ ಇಬ್ಬರೋ ಸಿಗುತ್ತಾರೆ. ಮಿಕ್ಕವರೊಡನೆ ಏನಾದರೂ ಹೇಳುತ್ತಲೇ ಇರಬೇಕು.

ಬೆಳಿಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಗುಂಡಕ್ಕ ಕಾಜಾಕ್ಕನ ಕಟ್ಟಡದ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಅವಳಿಗೆ ಉಬ್ಬಸ, ಕೂಗಲಾಗದು, ಮೆಟ್ಟಿಲು ಹತ್ತುವುದಂತೂ ಕನಸಿನ ಮಾತು. ಚಪ್ಪಾಳೆ ಕೇಳಿದ ಕೂಡಲೇ ಕಾಜಾಕ್ಕ ಬಾಯಲ್ಲಿದ್ದ ಬ್ರೆಡ್ಡನ್ನು ಅಗಿಯುತ್ತಲೇ ನಾಲ್ಕು ಮಹಡಿ ಇಳಿದು ಬರುತ್ತಿದ್ದಳು. ಆಮೇಲೆ ಇಬ್ಬರೂ ಅಂಗಡಿಯತ್ತ ನಡೆಯುತ್ತಿದ್ದರು.

ಒಂದು ದಿನ ಹಾಗೆ ಇಳಿಯುವಾಗಲೇ ಕಾಜಾಕ್ಕ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಮೊಣಕಾಲಿಗೆ ಪೆಟ್ಟಾಯಿತು, ಡಾಕ್ಟರು ಪಟ್ಟಿ ಸುತ್ತಿ ಕಾಲು ಚಾಚಿ ಕೂರಿಸಿದರು.

ಅವಳ ಗಂಡ ಲಿಫ್ಟ್ ಮೇಸ್ತ್ರಿ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟು ಕೆಟ್ಟರೆ ಮೊದಲು ಇವನ ಫೋನೇ ಬಡಿದುಕೊಳ್ಳುತ್ತಿತ್ತು. ಊರಿನ ಅರ್ಧ ಜನರನ್ನು ಏರಿಸಿ ಇಳಿಸುವವನು ತಾನು ಮಾತ್ರ ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಗೆ ದಿನಾ ಏದುಸಿರು ಬಿಡುತ್ತ ಹತ್ತುತ್ತಿದ್ದ. ಅದನ್ನು ಹೇಳಿ ಕಾಜಾಕ್ಕ ಅವನ ಕಾಲೆಳೆಯುತ್ತಿದ್ದಳು. ಕೈಯಲ್ಲಿ ಒಂದು ಸ್ಪ್ಯಾನರು, ಒಂದು ತುಂಡು ತಂತಿ ಇದ್ದರೆ ಸಾಕು, ಏನನ್ನಾದರೂ ಸರಿಮಾಡಬಲ್ಲೆನೆಂಬ ನಂಬಿಕೆಯವನು ಮೇಸ್ತ್ರಿ. ಹೆಂಡತಿಯ ಕಾಲನ್ನು ಮಾತ್ರ ಸ್ಪ್ಯಾನರಿನಲ್ಲಿ ಸರಿಮಾಡಲು ಬರುವುದಿಲ್ಲ ಎಂಬುದು ಅವನನ್ನು ಕೊರೆಯುತ್ತಿತ್ತು. ಹಾಗಾಗಿ ಒಂದು ಭಾನುವಾರ ಅಡುಗೆಮನೆಯ ಕಿಟಕಿಗೆ ಕಬ್ಬಿಣದ ತೋಳು ಬಿಗಿದು, ರಾಟೆ ಕೂರಿಸಿ, ಹಳೆಯ ಲಿಫ್ಟಿನ ತೆಳು ಹಗ್ಗ ಪೋಣಿಸಿ, ತುದಿಗೊಂದು ಬೆತ್ತದ ಬುಟ್ಟಿ ಕಟ್ಟಿದ. ಬೀದಿಬಾಗಿಲ ಪಕ್ಕ ಒಂದು ದಾರ ನೇತುಹಾಕಿದ. ಅದನ್ನು ಎಳೆದರೆ ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತಿತ್ತು.

“ನಾವ್ ಹತ್ತೋಕೆ ಲಿಫ್ಟ್ ಇಲ್ದಿದ್ರೇನಂತೆ, ಸಾಮಾನು ಹತ್ತೋಕೆ ಆಯ್ತಲ್ಲ,” ಎಂದು ಮೇಸ್ತ್ರಿ ಬೀಗಿದ.

ಮೊದಲ ದಿನ ಹಾಲು, ಬ್ರೆಡ್ಡು, ಒಂದು ಹೂಕೋಸು ಮೇಲೆ ಬಂದವು. ಕಾಜಾಕ್ಕ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಹೂಕೋಸಿನ ಸವಾರಿಯನ್ನು ನೋಡುತ್ತಿದ್ದಳು. ಅದನ್ನು ಕಂಡು ಮೇಸ್ತ್ರಿಗೆ ಎದೆ ಧಸಕ್ಕೆಂದಿತು. ಮರುದಿನವೇ ಕಿಟಕಿಗೆ ಜಾಲರಿ ಹಾಕಿ, ಹಗ್ಗ ಹೋಗುವಷ್ಟು, ಬುಟ್ಟಿ ನುಸುಳುವಷ್ಟು ಮಾತ್ರ ಕೆಳಗೆ ಜಾಗ ಬಿಟ್ಟ. ಹಗ್ಗ ಸುತ್ತುವ ಹಿಡಿಕೆಯನ್ನು ಒಲೆಯ ಪಕ್ಕದ ಗೋಡೆಗೆ ತಂದು ಕೂರಿಸಿದ.

“ನೀನು ಬಗ್ಗೋದೇ ಬೇಡ ಕಣೆ. ಕುರ್ಚಿ ಮೇಲೆ ಕೂತ್ಕೊಂಡೇ ತಿರುಗಿಸು.”

“ಯಾರು ಬಂದಿದಾರೆ ಅಂತ ನೋಡೋದು ಬೇಡ್ವಾ?”

“ಯಾರಾದ್ರೇನು? ಗಂಟೆ ಹೊಡೀತು ಅಂದ್ರೆ ಬುಟ್ಟಿ ಇಳಿಸು, ಇನ್ನೊಂದ್ಸಲ ಹೊಡೀತು ಅಂದ್ರೆ ಮೇಲಕ್ಕೆಳಿ. ತಲೆ ಯಾಕೆ ಕೆಡಿಸ್ಕೋತೀಯ?”

ಪ್ರೀತಿಯಿಂದ ಮಾಡಿದ್ದು. ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಅದೇ ಮುಂದೆ ಪೀಕಲಾಟಕ್ಕಿಟ್ಟುಕೊಂಡಿತು. ಗಂಡ ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಒಳ್ಳೆಯವನನ್ನು ಏನೆಂದು ಬೈಯುವುದು?

ಟೈಲರಿಗೆ ಈ ಬುಟ್ಟಿ ಬಹಳ ಹಿಡಿಸಿತು. ಕೋಟುಗಳನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ, ಕಾಜಾಕ್ಕ ಕಾಲು ಚಾಚಿಕೊಂಡೇ ಕಾಜಾ ಹಾಕಿ ಇಳಿಸಿದಳು. ಬರುಬರುತ್ತ ಅಂಗಡಿಯಲ್ಲಿ ಅವಳ ಸ್ಟೂಲು ಇದ್ದ ಜಾಗಕ್ಕೆ ಇಸ್ತ್ರಿ ಮೇಜು ಬಂತು. ಪಟ್ಟಿ ಬಿಚ್ಚಿದ ಡಾಕ್ಟರು, “ಕಾಲು ಚೆನ್ನಾಗಿದೆ, ಇನ್ನು ಓಡಾಡಿ,” ಎಂದರು. ಆದರೆ ಓಡಾಡುವುದೆಲ್ಲಿಗೆ? ಕೆಳಗಿಳಿಯಲು ಏನಾದರೊಂದು ಕಾರಣ ಬೇಕು. ಇದ್ದ ಕಾರಣಗಳೆಲ್ಲ ಬುಟ್ಟಿಯಲ್ಲಿ ಕೂತು ಮೇಲೆ ಬಂದುಬಿಟ್ಟಿದ್ದವು.

ಇಷ್ಟೇ ಆಗಿದ್ದರೆ ಅವಳು ಹೇಗೋ ಒಂದು ನೆಪ ಹುಡುಕಿಕೊಂಡು ಇಳಿಯುತ್ತಿದ್ದಳೋ ಏನೋ. ಅಷ್ಟರಲ್ಲಿ ಕಟ್ಟಡದವರಿಗೆ ಬುಟ್ಟಿಯ ರುಚಿ ಹತ್ತಿತು. ಎರಡನೇ ಮಹಡಿಯ ಟೀಚರು ಒಂದು ಬೆಳಿಗ್ಗೆ ಮೇಲೆ ಬಂದು, “ಅಕ್ಕ, ನೀವು ಹೇಗೂ ಮನೇಲೇ ಇರ್ತೀರಲ್ಲ, ನಲ್ಲಿ ರಿಪೇರಿಯವನು ಬರ್ತಾನೆ, ಕೀ ಕೊಟ್ಟಿರ್ತೀನಿ,” ಎಂದರು. ಆಗಲಿ ಎಂದಳು. ನಲ್ಲಿಯವನು ಗಂಟೆ ಬಾರಿಸಿದ, ಕೀಲಿ ಬುಟ್ಟಿಯಲ್ಲಿ ಇಳಿಯಿತು, ಕೆಲಸ ಮುಗಿದ ಮೇಲೆ ಬುಟ್ಟಿಯಲ್ಲೇ ಹತ್ತಿತು. ಟೀಚರು ಬಾಯಿ ತುಂಬ ಹೊಗಳಿದರು. ಮೂರನೇ ಮಹಡಿಯ ಹೊಸ ಗಂಡಹೆಂಡತಿ ತಾವು ತರಿಸುವ ಪಾರ್ಸೆಲ್ಲುಗಳಿಗೆಲ್ಲ ಕಾಜಾಕ್ಕನ ಮನೆಯ ವಿಳಾಸವನ್ನೇ ಕೊಟ್ಟರು. ಮೊದಲ ಮಹಡಿಯ ನರ್ಸಮ್ಮ ರಾತ್ರಿ ಪಾಳಿ ಮಾಡಿ ಹಗಲು ಮಲಗುವವಳು, ಅವಳ ಹಾಲೂ ಇಲ್ಲಿಗೇ ಬಂತು. ಮೇಸ್ತ್ರಿ ಅಡುಗೆಮನೆಯ ಗೋಡೆಗೆ ಹಲಗೆಯೊಂದನ್ನು ಹೊಡೆದು ಕೊಕ್ಕೆಗಳನ್ನು ತಿರುಪಿ ಕೂರಿಸಿ ಕೊಟ್ಟ, ಕೀಲಿಗಳು ಕಳೆದುಹೋಗಬಾರದಲ್ಲ. ಕೊಕ್ಕೆಗಳೆಲ್ಲ ತುಂಬಿದವು.

ಎಲ್ಲರ ಬಾಯಲ್ಲೂ ಒಂದೇ ಮಾತು: ಕಾಜಾಕ್ಕ ಇರೋದ್ರಿಂದ ಎಷ್ಟು ಅನುಕೂಲ. ಅವಳ ಎದುರಿಗೇ ಹೇಳುತ್ತಿದ್ದರು, ಅದೂ ಪ್ರೀತಿಯಿಂದಲೇ. ಮೊದಮೊದಲು ಅವಳಿಗೂ ಹೆಮ್ಮೆಯೆನಿಸಿತ್ತು. ಆಮೇಲೊಮ್ಮೆ, ಗಂಟೆ ಕೇಳಿ ಬುಟ್ಟಿ ಇಳಿಸಲು ಹಿಡಿಕೆ ತಿರುಗಿಸುತ್ತ ಕೂತಿದ್ದಾಗ ಅವಳಿಗೆ ಹೊಳೆಯಿತು: ಈ ಕಟ್ಟಡಕ್ಕೆ ಬಂದಿರುವ ಹೊಸ ಸೌಲಭ್ಯ ಬುಟ್ಟಿಯಲ್ಲ, ತಾನು. ಬುಟ್ಟಿಯನ್ನಾದರೂ ದಿನಕ್ಕೆ ಹತ್ತು ಸಲ ಬೀದಿಗೆ ಇಳಿಸುತ್ತಾರೆ. ಎದ್ದು ಎರಡು ಲೋಟ ನೀರು ಕುಡಿದಳು. ಸಂಜೆ ಮೇಸ್ತ್ರಿಗೆ ಹೇಳೋಣವೆಂದುಕೊಂಡರೆ ಹೇಳುವುದಾದರೂ ಏನು? ಎಲ್ಲ ಸುಲಭವಾಗಿದೆ ಎಂದು ದೂರು ಹೇಳುವುದಕ್ಕಾಗುತ್ತದೆಯೇ?

ಗುಂಡಕ್ಕನ ಜೊತೆ ಮಾತಿಗೆ ಫೋನಿತ್ತು. ದಿನಾ ಸಂಜೆ ಮಾತಾಡುತ್ತಿದ್ದರು. ಆದರೆ ಫೋನಿನಲ್ಲಿ ಅವರಿಬ್ಬರೂ ದಡ್ಡರು. ಫೋನೆಂದರೆ ಏನಾದರೂ ಹೇಳಲೇಬೇಕು. ಊಟ ಆಯ್ತಾ, ಆಯ್ತು. ಉಬ್ಬಸ ಹೇಗಿದೆ, ಹಾಗೇ ಇದೆ. ಅಲ್ಲಿಗೆ ಸರಕು ಮುಗಿಯುತ್ತಿತ್ತು. ಆಮೇಲಿನ ಮೌನ ಸ್ಟೂಲಿನ ಮೇಲಿದ್ದಂಥ ಮೌನವಲ್ಲ, ಇನ್ನೊಬ್ಬರು ಲೈನಿನಲ್ಲಿದ್ದಾರೋ ಇಲ್ಲವೋ ಎಂಬ ಗಾಬರಿಯದು. ಗುಂಡಕ್ಕನ ಕಿವಿ ಬೇರೆ ಮಂದವಾಗಿತ್ತು. ಎರಡು ಸಲ ಹಲೋ ಎಂದು ಇಟ್ಟುಬಿಡುತ್ತಿದ್ದಳು.

ಉಳಿದದ್ದು ದಾರ. ಮೇಸ್ತ್ರಿ ಬೆಳ್ಳಗೆ ಹೊಳೆಯುವ ಹೊಸ ಕತ್ತರಿ ತಂದುಕೊಟ್ಟಿದ್ದರೂ ಕಾಜಾಕ್ಕ ಕೊನೆಯ ದಾರವನ್ನು ಕತ್ತರಿಸುತ್ತಿರಲಿಲ್ಲ. ಬಾಲ ಬಿಟ್ಟೇ ಕೋಟನ್ನು ಬುಟ್ಟಿಗೆ ಹಾಕಿ ಇಳಿಸುತ್ತಿದ್ದಳು. ಎರಡು ಬೀದಿಯಾಚೆ ಮೊಳೆಯಿಂದ ನೇತಾಡುವ ಕತ್ತರಿಯನ್ನು ಗುಂಡಕ್ಕ ಎಳೆದುಕೊಂಡು ಕಚಕ್ಕೆನ್ನಿಸುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದರೆ ಅವಳಿಗೆ ಆ ದಿನ ಕಳೆಯುತ್ತಿತ್ತು.

ಹೀಗೆ ಎರಡು ವರ್ಷ ಕಳೆದವು.

ಆಮೇಲೆ ಗುಂಡಕ್ಕನ ಕಣ್ಣು ಮಂಜಾಯಿತು. ಸೂಜಿಗೆ ದಾರ ಪೋಣಿಸಲು ಟೈಲರನ್ನೇ ಕರೆಯಬೇಕಾಯಿತು. ದೂರದ ಊರಿನಲ್ಲಿರುವ ಮಗಳು, “ಸಾಕಮ್ಮ ದುಡಿದಿದ್ದು, ಬಾ,” ಎಂದಳು, ಅಳಿಯ ಕರೆದೊಯ್ಯಲು ಬಂದ. ಹೊರಡುವ ದಿನ ಶನಿವಾರ, ಮಧ್ಯಾಹ್ನ ನಾಲ್ಕರ ಬಸ್ಸು.

“ನಂಗೆ ನಿನ್ನ ಮೆಟ್ಟಿಲು ಹತ್ತೋಕಾಗಲ್ಲ ಕಣೆ,” ಎಂದಳು ಗುಂಡಕ್ಕ ಫೋನಿನಲ್ಲಿ.

“ನೀನ್ಯಾಕೆ ಹತ್ತಬೇಕು? ನಾನೇ ಇಳಿದು ಅಂಗಡಿಗೆ ಬರ್ತೀನಿ. ಊಟ ಆದ್ಮೇಲೆ ಬಂದು ಕೂತ್ಕೊಳ್ತೀನಿ, ನೀನು ಹೊರಡೋವರೆಗೂ.”

“ನಿನ್ನ ಸ್ಟೂಲು ಅಟ್ಟದ ಮೇಲಿದೆ. ಇಳಿಸಿಡ್ಲಾ?”

“ಇಳಿಸಿಡು.”

ಅವತ್ತು ರಾತ್ರಿಯೇ ಕಾಜಾಕ್ಕ ಮಂಚದ ಕೆಳಗಿನಿಂದ ಬೂಟು ಎಳೆದು ತೆಗೆದಳು. ಧೂಳು ಮೆತ್ತಿತ್ತು, ಚರ್ಮ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಎಣ್ಣೆ ಉಜ್ಜಿ ಹದಮಾಡಿದಳು. ಮೇಸ್ತ್ರಿ ನೋಡಿ, “ಶನಿವಾರ ನಾನು ಬೇಗ ಬಂದು ಮನೇಲಿ ಕೂತ್ಕೋತೀನಿ, ನೀನು ಆರಾಮಾಗಿ ಹೋಗ್ಬಾ,” ಎಂದ. ತಾನು ಹೋಗಬೇಕಾದರೆ ಇನ್ನೊಬ್ಬರು ಬಂದು ಕೂರಬೇಕು ಎಂಬುದು ಇಬ್ಬರಿಗೂ ವಿಚಿತ್ರ ಅನ್ನಿಸಲೇ ಇಲ್ಲ. ಅಷ್ಟರ ಮಟ್ಟಿಗೆ ರೂಢಿಯಾಗಿತ್ತು.

ಶನಿವಾರ ಬೆಳಿಗ್ಗೆ ಶಾಲೆಗೆ ಹೊರಟ ಟೀಚರು ಬಾಗಿಲು ತಟ್ಟಿದರು.

“ಅಕ್ಕ, ಮಧ್ಯಾಹ್ನ ಒಲೆ ರಿಪೇರಿಯವನು ಬರ್ತಾನೆ. ಮೂರು ದಿನದಿಂದ ಸತಾಯಿಸಿ ಇವತ್ತು ಒಪ್ಪಿದಾನೆ. ಕೆಲಸ ಆದ್ಮೇಲೆ ಕೀ ಮರೀದೆ ವಾಪಸ್ ಇಸ್ಕೊಳ್ಳಿ, ಅವನು ಒಂಥರಾ ಮನುಷ್ಯ.”

“ಇವತ್ತು ನಾನು ಸ್ವಲ್ಪ ಹೊರಗೆ…” ಎಂದಳು ಕಾಜಾಕ್ಕ.

“ಹೊರಗಾ?” ಟೀಚರು ಅವಳ ಕಾಲು ನೋಡಿದರು, ಮುಖ ನೋಡಿದರು. “ಎಲ್ಲಿಗಕ್ಕ? ಹುಷಾರಾಗಿದೀರ ತಾನೇ?”

ಆ ಕೇಳಿದ ಧಾಟಿಗೆ ಕಾಜಾಕ್ಕ, ಎಲ್ಲಿಗೋ ಓಡಿಹೋಗಲು ಹೊರಟು ಸಿಕ್ಕಿಬಿದ್ದವಳ ಹಾಗೆ, “ಏನಿಲ್ಲ, ಇವರು ಮನೇಲಿ ಇರ್ತಾರೆ, ಕೊಡಿ,” ಎಂದು ಕೀಲಿಗೆ ಕೈಯೊಡ್ಡಿದಳು. ಒಲ್ಲೆ ಎನ್ನುವ ಮಾತು ಅವಳ ನಾಲಿಗೆಯ ಮೇಲೆ ಎಂದೂ ಸಲೀಸಾಗಿ ಆಡಿದ್ದಿಲ್ಲ. ಎರಡು ವರ್ಷ ಬುಟ್ಟಿ ಎಳೆದ ಮೇಲಂತೂ ಅದು ಪೂರ್ತಿ ತುಕ್ಕು ಹಿಡಿದಿತ್ತು.

ಊಟ ಮುಗಿಸಿ, ಒಳ್ಳೆಯ ಬಟ್ಟೆ ತೊಟ್ಟು, ಬೂಟಿನ ದಾರ ಬಿಗಿದು, ಕೈಚೀಲ ಹಿಡಿದು ಕುರ್ಚಿಯ ಮೇಲೆ ಕೂತಳು. ಚೀಲದಲ್ಲಿ ಗುಂಡಕ್ಕನಿಗೆಂದು ಹೊಲಿದ ಒಂದು ಪುಟ್ಟ ದಿಂಬು, ಬಸ್ಸಿನಲ್ಲಿ ಕತ್ತಿಗೆ ಇಟ್ಟುಕೊಳ್ಳಲು. ಅದರ ಬಾಯಿಗೂ ಕಾಜಾ ಹಾಕಿ ಗುಂಡಿಯ ಜಾಗ ಖಾಲಿ ಬಿಟ್ಟಿದ್ದಳು. ಕೊನೆಯ ದಾರ ನೇತಾಡುತ್ತಿತ್ತು. ಗುಂಡಿಯನ್ನು ಅವಳೇ ಹೊಲಿಯಲಿ, ಕಣ್ಣು ಕಾಣದಿದ್ದರೆ ಬೆರಳು ಕಾಣುತ್ತದೆ, ದಾರವನ್ನೂ ಅವಳೇ ಕತ್ತರಿಸಲಿ ಎಂದುಕೊಂಡಿದ್ದಳು.

ಮೇಸ್ತ್ರಿ ಬರಲಿಲ್ಲ, ಅವನ ಫೋನು ಬಂತು.

“ಲಿಫ್ಟಲ್ಲಿ ಮೂರು ಜನ ಸಿಕ್ಕಾಕ್ಕೊಂಡಿದಾರೆ ಕಣೆ. ಒಬ್ಬಳು ಬಸುರಿ ಬೇರೆ, ಒಳಗಡೆ ಅಳ್ತಿದಾಳೆ. ನಾನು ಬಿಟ್ಟು ಹೆಂಗ್ ಬರ್ಲಿ?”

“ಅಯ್ಯೋ, ಪಾಪ. ಅವರನ್ನ ಬಿಡಿಸಿ ಮೊದ್ಲು.”

“ನೀನು ಹೋಗ್ಬಿಡು. ಒಲೆಯವನು ಬೇಕಾದ್ರೆ ನಾಳೆ ಬರ್ತಾನೆ ಬಿಡು.”

ಹೋಗಿಬಿಡಬಹುದಿತ್ತು. ಕದ ಎಳೆದುಕೊಂಡು, ಇಳಿದು, ಎರಡು ಬೀದಿ ದಾಟಿದರೆ ಆಯಿತು. ಇದನ್ನು ಓದುವ ನಿಮಗೂ ಹಾಗೇ ಅನ್ನಿಸುತ್ತಿರಬಹುದು, ಅವಳಿಗೂ ಅನ್ನಿಸಿತ್ತು. ಎದ್ದೂ ಎದ್ದಳು. ಕೊಕ್ಕೆಯಲ್ಲಿದ್ದ ಟೀಚರ ಕೀಲಿ ಕಣ್ಣಿಗೆ ಬಿತ್ತು. ಮೂರು ದಿನದಿಂದ ಆ ಹೆಂಗಸು ತಣ್ಣಗಿನ ಬ್ರೆಡ್ಡು ತಿನ್ನುತ್ತಿದ್ದಾಳೆ. ಇನ್ನೊಂದು ಐದು ನಿಮಿಷ ನೋಡೋಣವೆಂದು ಕೂತಳು. ಆ ಐದು ನಿಮಿಷದಲ್ಲಿ ಗಂಟೆ ಬಾರಿಸಿತು.

ಒಲೆಯವನೇ. ಕೀಲಿ ಇಳಿಸಿದಳು. ಹತ್ತೇ ನಿಮಿಷದ ಕೆಲಸ ಎಂದು ಕೆಳಗಿನಿಂದ ಕೂಗಿದ. ಕೀಲಿ ಮೇಲೆ ಬಂದ ತಕ್ಷಣ ಹೊರಡುವುದೆಂದು ಕಾಜಾಕ್ಕ ಕೈಚೀಲವನ್ನು ತೋಳಿಗೇರಿಸಿಕೊಂಡೇ ಹಿಡಿಕೆಯ ಪಕ್ಕ ನಿಂತಳು. ರಿಪೇರಿಯವರ ಹತ್ತು ನಿಮಿಷ ಎಷ್ಟುದ್ದ ಇರುತ್ತದೆಂದು ಎಲ್ಲರಿಗೂ ಗೊತ್ತು. ಗೋಡೆಗಡಿಯಾರದಲ್ಲಿ ಮೂರು ಗಂಟೆ ದಾಟಿ ದೊಡ್ಡ ಮುಳ್ಳು ಕೆಳಗಿಳಿಯತೊಡಗಿತು. ಅಂಗಡಿಯಲ್ಲಿ ಗುಂಡಕ್ಕ ಎರಡು ಸ್ಟೂಲು ಜೋಡಿಸಿಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಗುಂಡಕ್ಕ ತನ್ನ ಫೋನನ್ನು ಅಳಿಯನ ಜೇಬಿಗೆ ಹಾಕಿದ್ದಳು, ಅವನು ಹೊರಗೆ ಬೀದಿಯ ಗದ್ದಲದಲ್ಲಿ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ ಹೊತ್ತು ಅದು. ಕಾಜಾಕ್ಕನಿಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ.

ಮೂರೂಮುಕ್ಕಾಲು ದಾಟಿದ ಮೇಲೆ ಗಂಟೆ ಬಾರಿಸಿತು.

“ಅಂತೂ ಮುಗಿಸಿದ್ಯಲ್ಲಪ್ಪ,” ಎನ್ನುತ್ತ ಅವಳು ಹಿಡಿಕೆಯನ್ನು ಗಿರಗಿರನೆ ತಿರುಗಿಸಿದಳು. ಬುಟ್ಟಿ ಸರ್ರನೆ ಇಳಿಯಿತು. ಒಂದು ಕ್ಷಣ ಏನೂ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಏನೂ ಇಲ್ಲ. ಇವನೇನು ಕೀಲಿ ಹಾಕಲು ಇಷ್ಟು ಹೊತ್ತು ಮಾಡುತ್ತಾನೆಂದು ಗೊಣಗಿದಳು. ಆಮೇಲೆ ಗಂಟೆ ಇನ್ನೊಮ್ಮೆ, ಬಹಳ ಮೆಲ್ಲಗೆ ಬಾರಿಸಿತು. ಕಾಜಾಕ್ಕ ಎರಡೂ ಕೈಯಿಂದ ಹಿಡಿಕೆ ತಿರುಗಿಸಿ ಬುಟ್ಟಿಯನ್ನು ಮೇಲಕ್ಕೆಳೆದಳು.

ಬುಟ್ಟಿಯಲ್ಲಿ ಕೀಲಿ ಇರಲಿಲ್ಲ. ಪುಟ್ಟ ಕತ್ತರಿ ಇತ್ತು. ಅದರ ಲಾಡಿಯನ್ನು ಹಿಡಿಯ ಸುತ್ತ ನೀಟಾಗಿ ಸುತ್ತಿ, ತುದಿಗೆ ಗಂಟು ಹಾಕಿತ್ತು.

ಅವಳಿಗೆ ಅರ್ಥವಾಗಲು ಅರೆಗಳಿಗೆ ಬೇಕಾಯಿತು. ಅರ್ಥವಾದದ್ದೇ ತಡ, ಕುರ್ಚಿ ಎಳೆದು, ಜಾಲರಿಯ ಚಿಲಕಕ್ಕೆ ಕೈ ಹಾಕಿದಳು. ಎರಡು ವರ್ಷ ತೆಗೆಯದ ಚಿಲಕ, ಬಣ್ಣ ಅಂಟಿ ಕೂತಿತ್ತು. ಕತ್ತರಿಯ ಹಿಡಿಯಿಂದ ಬಡಿದು ಬಡಿದು ತೆಗೆದು ಕತ್ತು ಹೊರಹಾಕಿದಳು. ಬೀದಿಯ ತುದಿಯಲ್ಲಿ ಒಬ್ಬ ಟ್ರಂಕು ಹೊತ್ತು ಹೋಗುತ್ತಿದ್ದ. ಅವನ ಹಿಂದೆ, ಗೋಡೆಗೆ ಒಂದು ಕೈ ತಾಗಿಸಿಕೊಂಡು, ಗುಂಡಗಿನ ಬೆನ್ನೊಂದು ನಿಧಾನವಾಗಿ ಬಸ್ ನಿಲ್ದಾಣದ ತಿರುವು ದಾಟುತ್ತಿತ್ತು.

“ಗುಂಡೀ!”

ಲಾರಿಯೊಂದು ಹಾರ್ನು ಹೊಡೆಯುತ್ತ ಹೋಯಿತು. ಬೆನ್ನು ತಿರುಗಲಿಲ್ಲ. ಮಂದ ಕಿವಿ, ನಾಲ್ಕು ಮಹಡಿ.

ಕಾಜಾಕ್ಕ ಬಾಗಿಲು ತೆರೆದು ಮೆಟ್ಟಿಲಿಗೆ ಓಡಿದಳು. ಓಡಿದಳೆಂದು ಹೇಳುವುದು ಮಾತಿಗೆ. ಗೋಡೆ ಹಿಡಿದುಕೊಂಡು, ಪ್ರತಿ ಮೆಟ್ಟಿಲಿಗೂ ಮೊದಲು ಬೂಟಿನ ತುದಿಯಿಟ್ಟು ನೋಡಿ, ಆಮೇಲೆ ಮೈಭಾರ ಬಿಟ್ಟು ಇಳಿದಳು. ಕಾಲು ನೋಯುತ್ತಿರಲಿಲ್ಲ, ಅದರಿಂದಲೇ ಅವಳಿಗೆ ಇನ್ನಷ್ಟು ಸಂಕಟವಾಯಿತು. ಇಷ್ಟು ಚೆನ್ನಾಗಿರುವ ಕಾಲನ್ನು ಕಟ್ಟಿಕೊಂಡು ಎರಡು ವರ್ಷ ಕೂತಿದ್ದೆನಲ್ಲ ಎಂದು ಬಾಯಿಬಿಟ್ಟೇ ಹೇಳಿಕೊಂಡಳು. ಮೂರನೇ ಮಹಡಿ ದಾಟಿತು. ಎರಡನೆಯದರಲ್ಲಿ ಟೀಚರ ಮನೆಯ ಬಾಗಿಲು ಹಾರುಹೊಡೆದಿತ್ತು, ಒಲೆಯವನು ಚೀಲ ಹೆಗಲಿಗೇರಿಸಿಕೊಂಡು ಹೊಸ್ತಿಲಲ್ಲಿ ನಿಂತಿದ್ದ.

“ಓ, ನೀವೇ ಬಂದ್ರಾ, ಒಳ್ಳೇದಾಯ್ತು. ಕೀ ತಗೊಳ್ಳಿ. ಉರಿ ಒಂದ್ಸಲ ನೋಡ್ಬಿಡಿ, ಆಮೇಲೆ ಟೀಚರಮ್ಮ ನನ್ನ ಮೇಲೆ ಹರಿಹಾಯ್ತಾರೆ.”

ಅವಳು ಒಳಗೆ ಹೋದಳು. ಯಾಕೆ ಹೋದಳೋ ಅವಳಿಗೇ ತಿಳಿಯದು, ಹೋದಳು. ಉರಿ ನೀಲಿಯಾಗಿ, ಸಮವಾಗಿ ಉರಿಯುತ್ತಿತ್ತು. ಚೆನ್ನಾಗಿದೆ ಎಂದಳು. ಹೊರಬಂದು ಬೀಗ ಹಾಕಿ, ಎಳೆದು ನೋಡಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಮತ್ತೆ ಇಳಿಯತೊಡಗಿದಳು. ಒಲೆಯವನು ಅವಳನ್ನು ದಾಟಿಕೊಂಡು ದಡದಡ ಇಳಿದು ಹೊರಟುಹೋದ. ಎರಡನೆಯ ಮತ್ತು ಮೊದಲನೆಯ ಮಹಡಿಗಳ ನಡುವೆ ಅವಳ ಫೋನು ಬಡಿದುಕೊಂಡಿತು.

ಅಳಿಯನ ದನಿ. “ಅತ್ತೆ ಮಾತಾಡ್ತಾರಂತೆ, ಕೊಡ್ತೀನಿ.” ಆಮೇಲೆ ಉಬ್ಬಸದ ಉಸಿರು.

“ಬಸ್ಸು ಹೊರಟುಬಿಡ್ತು ಕಣೆ. ಸೀಟು ಸಿಕ್ತು.”

ಕಾಜಾಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. “ಗುಂಡಿ, ನಾನು ನೋಡ್ಲಿಲ್ಲ ಕಣೆ. ಒಲೆಯವನು ಅಂದ್ಕೊಂಡೆ. ನೀನು ಅಂತ ಗೊತ್ತಾಗ್ಲಿಲ್ಲ.”

“ಯಾವ ಒಲೆ? ಇರ್ಲಿ ಬಿಡು. ಚಪ್ಪಾಳೆ ತಟ್ಟಿದೆ, ಕೈಯಲ್ಲಿ ಜೀವ ಇಲ್ಲ. ಅದಕ್ಕೆ ಗಂಟೆ ಎಳೆದೆ, ನೀನು ಇಳಿದು ಬರ್ತೀಯ ಅಂತ ನಿಂತಿದ್ದೆ. ಬುಟ್ಟಿ ಬಂತು. ಸರಿ, ಅವಳಿಗೆ ಬರೋಕಾಗಲ್ಲ, ಅದಕ್ಕೆ ಬುಟ್ಟಿ ಕಳ್ಸಿದಾಳೆ ಅಂದ್ಕೊಂಡೆ. ಬೇಜಾರಿಲ್ಲ ಕಣೆ.”

“ಹಂಗಲ್ವೇ. ನಾನು ಬೂಟು ಹಾಕ್ಕೊಂಡು ಕೂತಿದ್ದೆ. ನಿನಗೆ ದಿಂಬು ಹೊಲಿದಿದ್ದೆ.”

“ಏನು ಹೊಲಿದೆ? ಕೇಳಿಸ್ತಿಲ್ಲ. ಅಳ್ತಿದೀಯ ಏನು? ಅಳ್ಬೇಡ್ವೇ. ಫೋನ್ ಇದೆಯಲ್ಲ, ಎಷ್ಟು ಅನುಕೂಲ. ಬೇಕಾದಾಗ ಮಾತಾಡ್ಬಹುದು.”

ಮಾತಾಡುವುದಕ್ಕಾಗಿ ಕಾಜಾಕ್ಕ ಹೊರಟಿರಲಿಲ್ಲ. ಆ ಸ್ಟೂಲಿನ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗಿಸಿ, ಬಸ್ಸಿನ ಹೊತ್ತಾಗುವವರೆಗೆ ಸುಮ್ಮನೆ ಕೂತಿರಬೇಕೆಂದು ಹೊರಟಿದ್ದಳು. ಇದನ್ನು ಹೇಗೆ ಹೇಳುವುದು?

“ಗುಂಡಿ, ಒಂದು ಕೆಲಸ ಮಾಡು,” ಎಂದಳು. “ಏನೂ ಮಾತಾಡ್ಬೇಡ. ಫೋನ್ ಇಡ್ಬೇಡ. ಸ್ವಲ್ಪ ಹೊತ್ತು ಹಂಗೇ ಇರು.”

ಕಣ್ಣು ಮುಚ್ಚಿದಳು. ಬಸ್ಸಿನ ಎಂಜಿನ್ನು ಗುರುಗುಡುತ್ತಿರುವುದು, ಯಾವುದೋ ಮಗು ಕೊಸರುವುದು, ಅವುಗಳ ನಡುವೆ ಗುಂಡಕ್ಕನ ಉಸಿರು ಸುಯ್‌ಸುಯ್ ಎನ್ನುವುದು ಕೇಳಿಸಿತು. ಎಷ್ಟು ಗುರುತಿನ ಉಸಿರು ಅದು. ಕಾಜಾಕ್ಕ ಮೊಣಕಾಲನ್ನು ಪಕ್ಕದ ಗೋಡೆಗೆ ತಾಗಿಸಿ ಕೂತಳು.

“ಹಲೋ?” ಎಂದಳು ಗುಂಡಕ್ಕ.

ಕಾಜಾಕ್ಕ ಉಸಿರು ಬಿಗಿಹಿಡಿದಳು.

“ಹಲೋ? ಕೇಳಿಸ್ತಿದೆಯಾ? ಹಲೋ?” ಆಮೇಲೆ ಅಳಿಯನ ಕಡೆ ತಿರುಗಿರಬೇಕು, ದನಿ ದೂರವಾಯಿತು. “ಕಟ್ಟಾಯ್ತು ಅನ್ಸುತ್ತೆ ಕಣಪ್ಪ. ತಗೋ.”

ಫೋನು ನಿಂತಿತು.

ಅವಳು ಅದನ್ನು ಮಡಿಲಲ್ಲಿಟ್ಟುಕೊಂಡಳು. ಮೆಟ್ಟಿಲ ಸಂದಿಯಿಂದ ಕೆಳಗೆ ಬೀದಿಬಾಗಿಲು ಕಾಣುತ್ತಿತ್ತು. ಬಿಸಿಲಿನ ಒಂದು ಪಟ್ಟಿ ನೆಲದ ಮೇಲೆ ಬಿದ್ದಿತ್ತು, ಹೋಗಿಬರುವವರ ಕಾಲುಗಳು ಅದನ್ನು ದಾಟುತ್ತಿದ್ದವು. ಇನ್ನು ಒಂದೂವರೆ ಮಹಡಿ ಇಳಿದರೆ ಅವಳೂ ಅಲ್ಲಿರುತ್ತಿದ್ದಳು. ಇಳಿದು ಹೋಗುವುದಾದರೂ ಎಲ್ಲಿಗೆ? ಚೀಲದಲ್ಲಿದ್ದ ದಿಂಬನ್ನು ತೆಗೆದಳು. ಒಳ್ಳೆಯ ಬಟ್ಟೆಯ ಜೇಬಿನಲ್ಲಿ ಕತ್ತರಿ ಚುಚ್ಚುತ್ತಿತ್ತು. ಯಾವಾಗ ಅಲ್ಲಿ ಹಾಕಿಕೊಂಡಿದ್ದಳೋ. ತೆಗೆದು, ಲಾಡಿ ಬಿಚ್ಚಿ, ದಿಂಬಿನ ನೇತಾಡುವ ದಾರವನ್ನು ಕತ್ತರಿಯ ಅಲಗುಗಳ ನಡುವೆ ಹಿಡಿದಳು. ಕತ್ತರಿಸಲು ಕೈ ಬರಲಿಲ್ಲ. ಎರಡನ್ನೂ ಹಾಗೇ ಚೀಲಕ್ಕೆ ಹಾಕಿದಳು.

ಬೀದಿಬಾಗಿಲಲ್ಲಿ ಯಾರೋ ಬಂದು ನಿಂತರು. ಬಿಸಿಲಿನ ಪಟ್ಟಿಯಲ್ಲಿ ಹಾಲಿನವನ ಕಾಲು ಕಂಡಿತು, ಕ್ಯಾನು ಕೆಳಗಿಟ್ಟ ಸದ್ದು ಕೇಳಿಸಿತು. ಅವನು ದಾರ ಎಳೆದ. ದೂರದಲ್ಲಿ, ಮೇಲೆ, ಅವಳ ಅಡುಗೆಮನೆಯಲ್ಲಿ ಗಂಟೆ ಬಾರಿಸಿತು.

“ಬಂದೆ,” ಎಂದಳು ಕಾಜಾಕ್ಕ.

ಎದ್ದು, ಬೂಟಿನ ಧೂಳು ಕೊಡವಿ, ಗೋಡೆ ಹಿಡಿದುಕೊಂಡು, ಬುಟ್ಟಿ ಇಳಿಸುವುದಕ್ಕೆಂದು ಮೆಟ್ಟಿಲು ಹತ್ತತೊಡಗಿದಳು.